ವಿರಳ ವೃಕ್ಷವೂ ಸಾಮಾನ್ಯ ಪಕ್ಷಿಯೂ: ಅಹಿಂಸಾಣುವ್ರತದ ದೃಷ್ಟಿಯಿಂದ ಒಂದು ವಿಚಾರ

ಆಷಾಢ ಶುಕ್ಲ ಚತುರ್ದಶಿಯಂದು ಮುನಿಗಳು ವರ್ಷಾಯೋಗವನ್ನು ಸ್ವೀಕರಿಸಿ ಒಂದೇ ಸ್ಥಳದಲ್ಲಿ ನೆಲೆನಿಲ್ಲುತ್ತಾರೆ. ಮಳೆಗಾಲದ ನೆಲದಲ್ಲಿ ಅಡಿಯಿಟ್ಟಲ್ಲೆಲ್ಲ ಜೀವೋತ್ಪತ್ತಿಯಾಗಿರುವುದರಿಂದ ನಡೆದಷ್ಟೂ ಹಿಂಸೆಗೆ ಅವಕಾಶ ಹೆಚ್ಚು; ಆದುದರಿಂದಲೇ ನಡೆಯದಿರುವುದು ಒಂದು ಸಂಯಮ. ಗೃಹಸ್ಥನು ಇಷ್ಟನ್ನು ಮಾಡಲಾರನು. ಅವನಿಗೆ ಗದ್ದೆಯಿದೆ, ಅಂಗಡಿಯಿದೆ, ಮಕ್ಕಳ ವಿದ್ಯಾಭ್ಯಾಸವಿದೆ. ಆದರೂ ಈ ನಾಲ್ಕು ತಿಂಗಳುಗಳಲ್ಲಿ ತನ್ನ ಶಕ್ತಿಯನ್ನು ಮೀರದೆ, ಶಕ್ತಿಯನ್ನು ಬಚ್ಚಿಡದೆ, ಯಾವುದಾದರೊಂದು ನಿಯಮವನ್ನು ಹಿಡಿಯುವುದು ಜೈನ ಗೃಹಗಳ ಸಂಪ್ರದಾಯ. ಅಷ್ಟಮೀ ಚತುರ್ದಶಿಗಳಲ್ಲಿ ಉಪವಾಸವೋ ಏಕಭುಕ್ತವೋ, ಹಸಿರು ಕಾಯಿಪಲ್ಯದ ತ್ಯಾಗವೋ, ಒಂದು ರಸದ ತ್ಯಾಗವೋ, ಅಂತೂ ಏನಾದರೂ ಒಂದು.

ಕಾಪು ತಾಲೂಕಿನ ಶಿರ್ವದ ಆಸುಪಾಸಿನಲ್ಲಿ ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಕೆಳಗೆ ಬೈಲು ಗದ್ದೆ, ಗದ್ದೆಯ ತಲೆಯಲ್ಲಿ ಒಂದು ಕೆರೆ. ಕೆರೆಯ ನಡುವೆ ಎಂದೋ ಬಿದ್ದ ಮರದ ಬೊಡ್ಡೆ. ಅದರ ಮೇಲೆ ರೆಕ್ಕೆಗಳೆರಡನ್ನೂ ಅಗಲವಾಗಿ ಬಿಚ್ಚಿ ಬಿಸಿಲಿಗೆ ಹಿಡಿದು ಕುಳಿತ ಒಂದು ಕರಿಯ ಹಕ್ಕಿ. ಅದು ನೀರುಕಾಗೆ. ಆ ಮನೆಯ ಹಿರಿಯರು ಈ ಬಾರಿಯ ಚಾತುರ್ಮಾಸಕ್ಕೆ ಹಿಡಿಯಬೇಕೆಂದಿರುವ ನಿಯಮ ಇಷ್ಟೆ: ಕೆರೆಯನ್ನು ಮೀನಿಗಾಗಿ ಯಾರಿಗೂ ಗುತ್ತಿಗೆಗೆ ಕೊಡಬಾರದು, ಬಲೆ ಇಳಿಸಲು ಬಿಡಬಾರದು, ಅಲ್ಲಿಗೆ ಬರುವ ಹಕ್ಕಿಗಳನ್ನು ಅಟ್ಟಬಾರದು. ಮಣಿಪಾಲದಲ್ಲಿ ಓದುತ್ತಿರುವ ಮೊಮ್ಮಗಳು ಇದನ್ನು ಕೇಳಿ ಹೇಳುತ್ತಾಳೆ: “ಅಜ್ಜಾ, ನೀರುಕಾಗೆ ಊರಿಗೆ ನೂರಿದೆ. ನೀವು ಕಾಯದಿದ್ದರೂ ಅದು ಇದ್ದೇ ಇರುತ್ತದೆ. ಜಗತ್ತಿನಲ್ಲಿ ನೂರೇ ಮರಗಳು ಉಳಿದ ಒಂದು ಜಾತಿಯಿದೆ. ಗುತ್ತಿಗೆಯ ಹಣವನ್ನು ಬಿಡುವುದಕ್ಕೆ ಬದಲು ಅದನ್ನು ಪಡೆದು ಅಂತಹ ಮರಗಳ ರಕ್ಷಣೆಗೆ ಕಳುಹಿಸಿದರೆ ಹೆಚ್ಚು ಪುಣ್ಯವಲ್ಲವೇ?”

ಪ್ರಶ್ನೆ ಉದ್ಧಟತನದ್ದಲ್ಲ. ಅದಕ್ಕೆ ಅವಸರದ ಉತ್ತರವೂ ಸಲ್ಲದು. ಯಾವ ಜೀವದ ರಕ್ಷಣೆ ಮೊದಲು ಎಂಬುದನ್ನು ಆ ಜೀವದ ವಿರಳತೆಯಿಂದ ನಿರ್ಣಯಿಸಬೇಕೇ ಅಥವಾ ಬೇರೆ ಮಾನದಂಡವಿದೆಯೇ ಎಂಬುದು ವ್ರತವನ್ನು ಹಿಡಿಯುವ ಪ್ರತಿಯೊಬ್ಬರೂ ಯೋಚಿಸಬೇಕಾದ ವಿಷಯ.

ಎರಡು ಜೀವಗಳು

ಮೊದಲು ಮೊಮ್ಮಗಳ ಮಾತಿನ ಮರವನ್ನು ನೋಡಬೇಕು. ಅದು ಆಸ್ಟ್ರೇಲಿಯಾ ದೇಶದ ವುಲ್ಲೆಮಿ ಪೈನ್. ಸಿಡ್ನಿ ನಗರದ ವಾಯವ್ಯಕ್ಕಿರುವ ವುಲ್ಲೆಮಿ ರಾಷ್ಟ್ರೀಯ ಉದ್ಯಾನದ ಆಳವಾದ ಮರಳುಗಲ್ಲಿನ ಕಮರಿಯೊಂದರಲ್ಲಿ 1994ರಲ್ಲಿ ಡೇವಿಡ್ ನೋಬಲ್ ಎಂಬ ಉದ್ಯಾನಾಧಿಕಾರಿ ಇದನ್ನು ಕಂಡರು. ಅಲ್ಲಿಯವರೆಗೆ ಇಂತಹ ಮರ ಜೀವಂತವಾಗಿ ಇರುವುದು ಸಸ್ಯಶಾಸ್ತ್ರಕ್ಕೆ ಗೊತ್ತಿರಲಿಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದಿನ ಪಳೆಯುಳಿಕೆಗಳಲ್ಲಿ ಮಾತ್ರ ಇದರ ವಂಶದ ಗುರುತುಗಳಿದ್ದವು. 40 ಮೀಟರ್ ಎತ್ತರಕ್ಕೆ ಬೆಳೆಯುವ ಈ ಮರದ ಪ್ರಬುದ್ಧ ವೃಕ್ಷಗಳು ಕಾಡಿನಲ್ಲಿ ಇರುವುದು ನೂರಕ್ಕೂ ಕಡಿಮೆ. ಅಳಿವಿನ ಅಂಚಿನಲ್ಲಿರುವ ಜೀವಜಾತಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದಕ್ಕೆ ಅತ್ಯಂತ ತೀವ್ರ ಅಪಾಯದ ಸ್ಥಾನ.

ಶಂಕುವಿನಾಕಾರದ ಕಾಯಿಗಳಲ್ಲಿ ಬೀಜ ಬಿಡುವ ಇಂತಹ ಮರಗಳು ಕರಾವಳಿಯವರಿಗೆ ಅಪರಿಚಿತ. ಕಾಪುವಿನ ಕಡಲ ತೀರದಲ್ಲಿ ಸುಯ್ಯೆನ್ನುವ ಗಾಳಿಮರ ನೋಟಕ್ಕೆ ಪೈನಿನಂತೆ ಕಂಡರೂ ಅದು ಹೂಬಿಡುವ ಗಿಡಗಳ ವರ್ಗಕ್ಕೆ ಸೇರಿದ್ದು. ಕೆಲವು ಮನೆಗಳ ಅಂಗಳದಲ್ಲಿ ಶೋಭೆಗಾಗಿ ನೆಟ್ಟ, ಜನರು ಕ್ರಿಸ್ಮಸ್ ಮರವೆಂದು ಕರೆಯುವ ಅರಾಕೇರಿಯ ಮಾತ್ರ ವುಲ್ಲೆಮಿ ಪೈನಿನ ಕುಟುಂಬದ್ದೇ. ಆ ದೂರದ ಮರಕ್ಕೂ ಈ ಊರಿಗೂ ಇನ್ನೊಂದು ನಂಟಿದೆ. 2005ರಲ್ಲಿ ಆ ಕಮರಿಯ ಮರಗಳ ಬೇರಿಗೆ ಒಂದು ಶಿಲೀಂಧ್ರದಂತಹ ರೋಗಾಣು ತಗಲಿದ್ದು ಪತ್ತೆಯಾಯಿತು. ಅದು ಫೈಟಾಫ್ತರ ಎಂಬ ಗುಂಪಿನದು; ಮಳೆಗಾಲದಲ್ಲಿ ಅಡಕೆ ತೋಟಗಳನ್ನು ಕಾಡುವ ಕೊಳೆರೋಗಕ್ಕೆ ಕಾರಣವಾದ ಗುಂಪೂ ಅದೇ.

ಇನ್ನು ನೀರುಕಾಗೆ. ಸುಮಾರು ಅರ್ಧ ಮೀಟರ್ ಉದ್ದದ, ಮೈಯೆಲ್ಲ ಕಪ್ಪಾದ, ಕೊಕ್ಕಿನ ತುದಿ ಕೊಂಡಿಯಂತೆ ಬಾಗಿದ ಹಕ್ಕಿ. ಭಾರತದ ಬಯಲುನಾಡಿನ ಕೆರೆ, ಹೊಳೆ, ಅಳಿವೆಗಳಲ್ಲಿ ಇದು ಇಲ್ಲದ ಪ್ರದೇಶ ಕಡಿಮೆ. ಇದರ ಗರಿಗಳು ನೀರನ್ನು ಹೀರಿಕೊಳ್ಳುತ್ತವೆ. ಅದರಿಂದ ಮೈ ಭಾರವಾಗಿ ಮುಳುಗುವುದು ಸುಲಭ. ಮುಳುಗಿ ಮೀನು ಹಿಡಿದ ಮೇಲೆ ಒದ್ದೆಯಾದ ರೆಕ್ಕೆಗಳನ್ನು ಬಿಸಿಲಿಗೆ ಒಡ್ಡಿ ಒಣಗಿಸಬೇಕು. ಬೆಳ್ಳಕ್ಕಿ ಮುಂತಾದ ಹಕ್ಕಿಗಳೊಂದಿಗೆ ಗುಂಪುಗೂಡಿ ಮರಗಳ ಮೇಲೆ ಗೂಡು ಕಟ್ಟುತ್ತದೆ. ಗಂಡು ಹೆಣ್ಣು ಎರಡೂ ಮರಿಗಳನ್ನು ಸಾಕುತ್ತವೆ. ಕೆಂಪು ಪಟ್ಟಿಯ ಲೆಕ್ಕದಲ್ಲಿ ಇದಕ್ಕೆ ಯಾವ ಆತಂಕವೂ ಇಲ್ಲ. ಇದನ್ನು ನೋಡಲು ಯಾರೂ ದೂರದಿಂದ ಬರುವುದಿಲ್ಲ. ದೋಣಿಯಲ್ಲಿ ವರಂಗದ ಕೆರೆಬಸದಿಗೆ ಸಾಗುವ ಯಾತ್ರಿಕನ ಕಣ್ಣು ಬಸದಿಯ ಮೇಲಿರುತ್ತದೆ, ನೀರಿನ ಹಕ್ಕಿಯ ಮೇಲಲ್ಲ.

ಎರಡು ಅಳತೆಗೋಲುಗಳು

ವಿಜ್ಞಾನದ ಕೆಂಪು ಪಟ್ಟಿ 1964ರಲ್ಲಿ ಆರಂಭವಾಯಿತು. ಅದು ಅಳೆಯುವುದು ಜಾತಿಯನ್ನು. ಒಂದು ಜಾತಿಯ ಪ್ರಬುದ್ಧ ಜೀವಿಗಳು ಐವತ್ತಕ್ಕಿಂತ ಕಡಿಮೆಯೇ, ಅವುಗಳ ಸಂಖ್ಯೆ ಎಷ್ಟು ಬೇಗ ಇಳಿಯುತ್ತಿದೆ, ಅವು ಬದುಕುವ ನೆಲ ಎಷ್ಟು ಸಂಕುಚಿತವಾಗಿದೆ ಎಂಬಂತಹ ಪ್ರಶ್ನೆಗಳನ್ನು ಕೇಳಿ ಅದು ಅಪಾಯದ ದರ್ಜೆಯನ್ನು ನಿರ್ಧರಿಸುತ್ತದೆ. ಈ ಕಾರ್ಯ ಉಪಯುಕ್ತವಾದುದು ಎಂಬುದರಲ್ಲಿ ಸಂದೇಹವಿಲ್ಲ.

ಜಿನಾಗಮದ ಅಳತೆಗೋಲು ಬೇರೆ. ಅದು ಅಳೆಯುವುದು ಜೀವವನ್ನು. ವೃಕ್ಷವು ಸ್ಥಾವರ, ಏಕೇಂದ್ರಿಯ. ಅದಕ್ಕೆ ಸ್ಪರ್ಶನೇಂದ್ರಿಯ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಸ್ಸು ಎಂಬ ನಾಲ್ಕು ಪ್ರಾಣಗಳು. ಪಕ್ಷಿಯು ತ್ರಸ, ಮನಸ್ಸುಳ್ಳ ಪಂಚೇಂದ್ರಿಯ ಜೀವವಾದುದರಿಂದ ಅದಕ್ಕೆ ಐದು ಇಂದ್ರಿಯಗಳು, ಮನೋವಚನಕಾಯಗಳೆಂಬ ಮೂರು ಬಲಗಳು, ಶ್ವಾಸೋಚ್ಛ್ವಾಸ, ಆಯುಸ್ಸು ಸೇರಿ ಹತ್ತು ಪ್ರಾಣಗಳು. ಗೃಹಸ್ಥನ ಅಹಿಂಸಾಣುವ್ರತವು ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡಿಸುತ್ತದೆ. ಸ್ಥಾವರಗಳ ವಿಷಯದಲ್ಲಿ ಅನಿವಾರ್ಯವಾದುದನ್ನು ಸಹಿಸಿ, ನಿಷ್ಪ್ರಯೋಜಕವಾದ ಹಿಂಸೆಯನ್ನು ಬಿಡಿಸುತ್ತದೆ.

ಈ ಎರಡು ಅಳತೆಗಳಲ್ಲಿ ಒಂದು ಸರಿ, ಮತ್ತೊಂದು ತಪ್ಪು ಎನ್ನುವಂತಿಲ್ಲ. ಅವು ಬೇರೆ ಬೇರೆ ವಸ್ತುಗಳನ್ನು ಅಳೆಯುತ್ತವೆ. ಸೇರಿನಿಂದ ಅಕ್ಕಿಯನ್ನು ಅಳೆಯುತ್ತಾರೆ, ಕೋಲಿನಿಂದ ಗದ್ದೆಯನ್ನು ಅಳೆಯುತ್ತಾರೆ. ಜಾತಿಯೆಂಬುದು ಅನೇಕ ಜೀವಗಳಿಗೆ ಸಮಾನವಾದ ಪರ್ಯಾಯದ ಹೆಸರು. ಜಾತಿಗೆ ನೋವಿಲ್ಲ, ಜಾತಿಗೆ ಆಯುಸ್ಸಿಲ್ಲ. ನೋಯುವುದೂ ಸಾಯುವುದೂ ಒಂದೊಂದು ಜೀವವೇ. ವುಲ್ಲೆಮಿ ಮರಗಳೆಲ್ಲವೂ ವಂಶವಾಹಿಯಲ್ಲಿ ಬಹುತೇಕ ಒಂದೇ ಎಂದು ವಿಜ್ಞಾನಿಗಳು ಕಂಡಿದ್ದಾರೆ. ಆಗಮದ ದೃಷ್ಟಿಯಲ್ಲಿ ಪ್ರತಿ ಮರದಲ್ಲಿರುವ ಜೀವವೂ ತನ್ನ ಕರ್ಮವನ್ನು ತಾನೇ ಅನುಭವಿಸುವ ಸ್ವತಂತ್ರ ಜೀವ.

“ಊರಿಗೆ ನೂರಿದೆ” ಎಂಬ ಮಾತಿನ ದೋಷ ಇಲ್ಲಿ ತಿಳಿಯುತ್ತದೆ. ಬಲೆಯಲ್ಲಿ ಸಿಕ್ಕಿ ನೀರೊಳಗೆ ಉಸಿರುಗಟ್ಟುವ ನೀರುಕಾಗೆಗೆ, ಪಕ್ಕದ ಕೆರೆಯಲ್ಲಿ ಇನ್ನೂ ತೊಂಬತ್ತೊಂಬತ್ತು ಇವೆ ಎಂಬುದರಿಂದ ಯಾವ ಸಾಂತ್ವನವೂ ಇಲ್ಲ. ನೂರು ಎಂಬ ಎಣಿಕೆ ದಡದಲ್ಲಿ ನಿಂತವನದು. ಊರಿನಲ್ಲಿ ಮಕ್ಕಳು ಬಹಳವಿದ್ದಾರೆಂದು ಒಂದು ಮಗುವಿನ ಮರಣವನ್ನು ಯಾವ ತಾಯಿಯೂ ಹಗುರವಾಗಿ ಎಣಿಸುವುದಿಲ್ಲ. ಸಂಖ್ಯೆಯು ಹೆಚ್ಚಿದಷ್ಟೂ ಒಂದೊಂದರ ಬೆಲೆ ಇಳಿಯುವುದು ಸಂತೆಯ ಪದಾರ್ಥಗಳಲ್ಲಿ, ಜೀವದ್ರವ್ಯದಲ್ಲಲ್ಲ.

ಮತ್ತೊಂದು ವಿಶೇಷವನ್ನು ಗಮನಿಸತಕ್ಕದ್ದು. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವವು ಸಮ್ಯಕ್ತ್ವವನ್ನು ಹೊಂದಬಲ್ಲುದು, ಅಣುವ್ರತಗಳನ್ನೂ ಧರಿಸಬಲ್ಲುದು ಎಂದು ಆಗಮ ಹೇಳುತ್ತದೆ. ಭಗವಾನ್ ಮಹಾವೀರರ ಜೀವವು ಪೂರ್ವಭವದಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶದಿಂದ ವ್ರತವನ್ನು ಪಡೆದ ವೃತ್ತಾಂತ ಎಲ್ಲರಿಗೂ ತಿಳಿದುದೇ. ಮೀನನ್ನು ತಿಂದು ಬದುಕುವ ನೀರುಕಾಗೆಯನ್ನು ಹಿಂಸಕ ಪ್ರಾಣಿಯೆಂದು ತಿರಸ್ಕರಿಸುವವರು ಆ ಸಿಂಹವನ್ನು ನೆನೆಯಬೇಕು. ಅಂತಹ ಜೀವವನ್ನು ಕೊಲ್ಲುವವನು ಅದರ ಹತ್ತು ಪ್ರಾಣಗಳೊಂದಿಗೆ ಒಂದು ಅವಕಾಶವನ್ನೂ ಕಸಿಯುತ್ತಾನೆ.

ಹಾಗಾದರೆ ಮರ ಅಗ್ಗವೇ?

ಇಷ್ಟನ್ನು ಕೇಳಿ ಯಾರಾದರೂ, ‘ನಾಲ್ಕು ಪ್ರಾಣದ ಮರಕ್ಕಿಂತ ಹತ್ತು ಪ್ರಾಣದ ಹಕ್ಕಿ ದೊಡ್ಡದು, ಕೊನೆಯ ಮರ ಬಿದ್ದರೂ ಚಿಂತೆಯಿಲ್ಲ’ ಎಂದು ತೀರ್ಮಾನಿಸಿದರೆ ಅದೂ ಅವಿಚಾರವೇ. ಇಂದ್ರಿಯಗಳ ಎಣಿಕೆ ಹೇಳಿರುವುದು ಗೃಹಸ್ಥನು ಮೊದಲು ಯಾವುದರಿಂದ ದೂರವಿರಬೇಕೆಂಬ ಕ್ರಮವನ್ನು ತೋರಿಸಲು. ಏಕೇಂದ್ರಿಯಗಳನ್ನು ಕಡಿಯಲು ಅನುಮತಿಪತ್ರ ಕೊಡುವುದಕ್ಕಲ್ಲ.

ಲೇಶ್ಯೆಗಳನ್ನು ವಿವರಿಸುವಾಗ ಆಚಾರ್ಯರು ಕೊಟ್ಟ ದೃಷ್ಟಾಂತವೇ ಒಂದು ಮರದ್ದು. ಹಸಿದ ಆರು ಮಂದಿ ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಒಬ್ಬನಿಗೆ ಅದನ್ನು ಬೇರುಸಹಿತ ಕೀಳುವ ಮನಸ್ಸು. ಒಬ್ಬನಿಗೆ ಬುಡವನ್ನು ಕಡಿಯುವ ಮನಸ್ಸು. ಒಬ್ಬನಿಗೆ ಕೊಂಬೆಯನ್ನು, ಒಬ್ಬನಿಗೆ ಚಿಕ್ಕ ರೆಂಬೆಯನ್ನು. ಐದನೆಯವನು ಹಣ್ಣನ್ನಷ್ಟೇ ಕೊಯ್ಯಬೇಕೆನ್ನುತ್ತಾನೆ. ಆರನೆಯವನು ನೆಲಕ್ಕೆ ಬಿದ್ದುದನ್ನು ಆಯ್ದುಕೊಂಡರೆ ಸಾಕೆನ್ನುತ್ತಾನೆ. ಹಸಿವು ಆರು ಮಂದಿಗೂ ಒಂದೇ, ಮರವೂ ಒಂದೇ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಅಂತರವೆಲ್ಲ ಮನಸ್ಸಿನದು. ಆ ಮರ ವಿರಳವಾಗಿತ್ತೋ ಸಾಮಾನ್ಯವಾಗಿತ್ತೋ ಎಂಬ ವಿಚಾರವನ್ನೇ ದೃಷ್ಟಾಂತ ಎತ್ತುವುದಿಲ್ಲ.

ಆದರೂ ವಿರಳತೆಗೆ ಒಂದು ಸ್ಥಾನವಿದೆ. ಅದು ಮರದಲ್ಲಿಲ್ಲ, ಕಡಿಯುವವನ ಭಾವದಲ್ಲಿದೆ. ಹಿಂಸೆಯ ಮೂಲ ಪ್ರಮಾದ ಮತ್ತು ಕಷಾಯ ಎಂಬುದು ಉಮಾಸ್ವಾಮಿಗಳಿಂದ ಅಮೃತಚಂದ್ರಸೂರಿಗಳವರೆಗೆ ಎಲ್ಲ ಆಚಾರ್ಯರ ಅಭಿಪ್ರಾಯ. ಇದು ಈ ಜಾತಿಯ ಕೊನೆಯ ಮರಗಳಲ್ಲೊಂದು ಎಂದು ತಿಳಿದೂ ಕೊಡಲಿ ಎತ್ತುವವನ ಲೋಭವು, ತಿಳಿಯದೆ ಸೌದೆಗಾಗಿ ಒಂದು ಗಿಡವನ್ನು ಕಡಿದವನ ಲೋಭಕ್ಕಿಂತ ಎಷ್ಟೋ ತೀವ್ರ. ಅಂತೆಯೇ ಒಂದು ಹಳೆಯ ಮರವನ್ನು ಆಶ್ರಯಿಸಿದ ಜೀವಗಳು ಅಸಂಖ್ಯ. ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂಬ ತತ್ತ್ವವನ್ನು ಒಪ್ಪಿದವನಿಗೆ, ಒಂದು ಜಾತಿಯ ಅಳಿವೆಂದರೆ ಆ ಉಪಕಾರದ ಒಂದು ದಾರಿ ಮುಚ್ಚಿಹೋಗುವುದೆಂದು ತಿಳಿಯುವುದು ಕಷ್ಟವಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, 2000ದಲ್ಲಿ ಸಸ್ಯಶಾಸ್ತ್ರಜ್ಞರು ಹೊಸತೆಂದು ವಿವರಿಸಿದ, ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರವಿದೆ. ಅದಕ್ಕೆ ಆ ಕಾನಿನ ಹೆಸರನ್ನೇ ಇಟ್ಟಿದ್ದಾರೆ. ವರ್ಷವಿಡೀ ಒಸರುವ ನೀರಿನ ಜೌಗು ಒಣಗಿದರೆ ಆ ಮರಕ್ಕೆ ಬೇರೆ ನೆಲೆಯಿಲ್ಲ. ಜಡ್ಡಿಯನ್ನು ಅಡಕೆ ತೋಟವಾಗಿಯೋ ಗದ್ದೆಯಾಗಿಯೋ ಮಾಡಿದ ಕಡೆಗಳಲ್ಲಿ ಅಳಿದದ್ದು ಒಂದು ಮರವಲ್ಲ, ಅದರ ನೆರಳಿನಲ್ಲಿದ್ದ ಎಲ್ಲವೂ.

ಎರಡೂ ಎದುರಾದಾಗ

ಹಕ್ಕಿಯನ್ನೂ ಕಾಯಬೇಕು, ಮರವನ್ನೂ ಕಾಯಬೇಕು ಎನ್ನುವುದು ಸುಲಭ. ಒಂದನ್ನು ಕಾಯಲು ಮತ್ತೊಂದನ್ನು ಕೊಲ್ಲಬೇಕೆಂಬ ಪ್ರಸಂಗ ಬಂದಾಗಲೇ ವ್ರತದ ಪರೀಕ್ಷೆ. ಅಂತಹ ಪ್ರಸಂಗ ಕಲ್ಪನೆಯದಲ್ಲ. ಕೆನಡಾ ದೇಶದ ದಕ್ಷಿಣದ ತುದಿಯಲ್ಲಿ, ಈರಿ ಸರೋವರದ ನಡುವೆ ಮಿಡಲ್ ಐಲೆಂಡ್ ಎಂಬ ಚಿಕ್ಕ ದ್ವೀಪವಿದೆ. ಆ ದೇಶದಲ್ಲಿ ಬೇರೆಡೆ ವಿರಳವಾದ ಗಿಡಮರಗಳು ಅಲ್ಲಿ ಬೆಳೆಯುತ್ತವೆ. ನೀರುಕಾಗೆಯ ಬಳಗಕ್ಕೆ ಸೇರಿದ, ಅಲ್ಲಿ ಬಹು ಸಾಮಾನ್ಯವಾದ ಒಂದು ಹಕ್ಕಿ ಸಾವಿರಾರು ಸಂಖ್ಯೆಯಲ್ಲಿ ಅಲ್ಲಿ ಗೂಡುಕಟ್ಟತೊಡಗಿತು. ಹಿಕ್ಕೆಯ ತೀಕ್ಷ್ಣತೆಯಿಂದ ಮಣ್ಣು ಕೆಟ್ಟು ಮರಗಳು ಒಣಗಿದವು. ವಿರಳ ಸಸ್ಯಗಳನ್ನು ಉಳಿಸಲೆಂದು ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ 2008ರಿಂದ ಆ ಹಕ್ಕಿಗಳನ್ನು ಗುಂಡಿಕ್ಕಿ ಕೊಲ್ಲಿಸುವ ಕ್ರಮವನ್ನು ಆರಂಭಿಸಿತು.

ಆ ಅಧಿಕಾರಿಗಳನ್ನು ಕ್ರೂರಿಗಳೆಂದು ನಿಂದಿಸುವುದು ಯುಕ್ತವಲ್ಲ. ಮರಗಳ ಮೇಲಿನ ಅವರ ಕಾಳಜಿ ಸತ್ಯವಾದುದೇ. ಆದರೆ ಅಣುವ್ರತಿಯಾದ ಶ್ರಾವಕನು ಆ ಬಂದೂಕನ್ನು ಹಿಡಿಯಲಾರನು, ಹಿಡಿಸಲಾರನು, ಹಿಡಿದವನನ್ನು ಅನುಮೋದಿಸಲಾರನು. ತ್ರಸಜೀವವನ್ನು ಸಂಕಲ್ಪಪೂರ್ವಕವಾಗಿ ಕೊಲ್ಲುವುದು, ಉದ್ದೇಶ ಎಷ್ಟೇ ಉದಾತ್ತವಾದರೂ, ಅವನು ಕೃತ ಕಾರಿತ ಅನುಮೋದನೆಗಳಿಂದ ಬಿಟ್ಟ ಕಾರ್ಯ. ಇದರ ಫಲವಾಗಿ ಕೆಲವು ಮರಗಳು ಒಣಗಿದರೆ? ಒಣಗಬಹುದು. ಇಲ್ಲಿ ನುಣುಚಿಕೊಳ್ಳದೆ ಒಪ್ಪಬೇಕಾದ ಸತ್ಯವಿದು: ವ್ರತಕ್ಕೆ ಬೆಲೆಯಿದೆ, ಆ ಬೆಲೆ ಕೆಲವೊಮ್ಮೆ ನಿಜವಾದ ನಷ್ಟವೇ ಆಗಿರುತ್ತದೆ. ಬೇರೆ ಉಪಾಯಗಳನ್ನೆಲ್ಲ ಮಾಡಿದ ಮೇಲೂ ಉಳಿಯುವ ನಷ್ಟವನ್ನು ಶೋಕದಿಂದ ಸಹಿಸುವುದೇ ಅವನ ಪಾಲಿನದು. ಫಲದ ಲೆಕ್ಕ ಸರಿಯಾಗುವವರೆಗೆ ಮಾತ್ರ ನಡೆಯುವ ನಿಯಮಕ್ಕೆ ವ್ಯಾಪಾರವೆಂದು ಹೆಸರು, ವ್ರತವೆಂದಲ್ಲ.

ನಷ್ಟವನ್ನು ಸಹಿಸುವುದು ಅಸಾಧ್ಯವಲ್ಲವೆಂಬುದಕ್ಕೆ ಸಾಕ್ಷಿ ಕರ್ನಾಟಕದಲ್ಲೇ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆ, ಅರಳಿ ಜಾತಿಯ ಮರಗಳ ಮೇಲೆ ಗೂಡುಕಟ್ಟಿ ಮರಿಮಾಡುತ್ತವೆ. ಹಿಕ್ಕೆ ಬಿದ್ದು ಹುಣಿಸೆಯ ಫಸಲು ಹಾಳಾಗುತ್ತದೆ. ಹುಣಿಸೆ ಆ ರೈತರ ಆದಾಯ. ಆದರೂ ತಲೆಮಾರುಗಳಿಂದ ಅವರು ಹಕ್ಕಿಗಳನ್ನು ಓಡಿಸಲಿಲ್ಲ; ಅವುಗಳ ಬರವು ಊರಿಗೆ ಶುಭವೆಂದು ತಿಳಿದರು, ಹಿಕ್ಕೆಯನ್ನು ಗದ್ದೆಗೆ ಗೊಬ್ಬರವಾಗಿ ಹಾಕಿಕೊಂಡರು. ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರಧನ ಕೊಡುವ ಏರ್ಪಾಡು ಬಂದದ್ದು ಆಮೇಲೆ. ಆ ರೈತರು ಜೈನರಲ್ಲ. ಅಣುವ್ರತಗಳ ಹೆಸರನ್ನು ಕೇಳಿದವರೂ ಅಲ್ಲದಿರಬಹುದು. ಆದರೆ ಅಣುವ್ರತಿಯು ಮಾಡಬೇಕಾದುದನ್ನು ಅವರು ಮಾಡಿದರು.

ದೂರದ ಮರವನ್ನು ಉಳಿಸಿದ್ದು ಯಾವುದು?

ವುಲ್ಲೆಮಿ ಪೈನಿನ ರಕ್ಷಣೆಯ ರೀತಿಯನ್ನು ವಿವರವಾಗಿ ನೋಡಿದರೆ ವ್ರತಿಗಳಿಗೆ ಪರಿಚಿತವಾದ ಒಂದು ಸಂಗತಿ ಕಾಣುತ್ತದೆ. 2019ರ ಕೊನೆಯಲ್ಲಿ ಆ ಸೀಮೆಯಲ್ಲೆಲ್ಲ ಭೀಕರ ಕಾಳ್ಗಿಚ್ಚು ಹಬ್ಬಿದಾಗ ವಿಮಾನಗಳಿಂದ ಅಗ್ನಿನಿರೋಧಕ ದ್ರವವನ್ನು ಸುರಿದು, ಹೆಲಿಕಾಪ್ಟರಿನಿಂದ ಜನರನ್ನು ಇಳಿಸಿ, ಕಮರಿಯಲ್ಲಿ ನೀರು ಚಿಮ್ಮಿಸಿ ಮರಗಳನ್ನು ಉಳಿಸಿದರು. 2020ರ ಜನವರಿಯಲ್ಲಿ ಆ ವಾರ್ತೆ ಜಗತ್ತಿಗೆಲ್ಲ ತಿಳಿಯಿತು. ಇದು ಕಣ್ಣಿಗೆ ಬೀಳುವ ಸಾಹಸ. ಆದರೆ ಅದಕ್ಕೆ ಮೊದಲು ಇಪ್ಪತ್ತೈದು ವರ್ಷ ಆ ಮರಗಳನ್ನು ಕಾಯ್ದದ್ದು ಸಾಹಸವಲ್ಲ. ಆ ಕಮರಿ ಎಲ್ಲಿದೆಯೆಂಬುದನ್ನು ಸರ್ಕಾರ ಗುಟ್ಟಾಗಿಟ್ಟಿತು. ಅಲ್ಲಿಗೆ ಹೋಗಲು ಸಾರ್ವಜನಿಕರಿಗೆ ಅನುಮತಿಯಿಲ್ಲ. ಅಪರೂಪಕ್ಕೆ ಹೋಗುವ ವಿಜ್ಞಾನಿಗಳೂ ಪಾದರಕ್ಷೆಗಳನ್ನು ಶುದ್ಧಿಗೊಳಿಸಿಕೊಂಡೇ ಇಳಿಯಬೇಕು. ಏಕೆಂದರೆ ಬೇರಿನ ರೋಗ ಬರುವುದು ಮನುಷ್ಯನ ಕಾಲಿಗಂಟಿದ ಮಣ್ಣಿನಿಂದ. ನೋಡುವ ಆಸೆಯಿದ್ದವರು ಮನೆಯಲ್ಲೇ ಬೆಳೆಸಿಕೊಳ್ಳಲೆಂದು 2005–06ರಿಂದ ನರ್ಸರಿಯಲ್ಲಿ ಬೆಳೆಸಿದ ಸಸಿಗಳನ್ನು ಮಾರಾಟಕ್ಕೆ ಕೊಟ್ಟರು.

ಹೋಗಬಹುದಾದಲ್ಲಿಗೆ ಹೋಗದಿರುವುದು, ನೋಡುವ ಕುತೂಹಲವನ್ನು ತಡೆಯುವುದು, ಅಡಿಯಿಡುವ ಮುನ್ನ ಅಡಿಯನ್ನು ಪರೀಕ್ಷಿಸುವುದು: ಇವು ಶ್ರಾವಕಾಚಾರದಲ್ಲಿ ದಿಗ್ವ್ರತ, ದೇಶವ್ರತ, ಈರ್ಯಾಸಮಿತಿಯ ಅಭ್ಯಾಸ ಎಂಬ ಹೆಸರುಗಳಿಂದ ತಿಳಿದವೇ. ತನ್ನ ಸಂಚಾರಕ್ಕೆ ಮಿತಿ ಹಾಕಿಕೊಂಡವನಿಗೆ ಆ ಮಿತಿಯ ಹೊರಗಿನ ಜೀವಗಳ ವಿಷಯದಲ್ಲಿ ಮಹಾವ್ರತಿಗೆ ಸಮಾನವಾದ ನಿವೃತ್ತಿ ದೊರೆಯುತ್ತದೆಂದು ಆಚಾರ್ಯ ಸಮಂತಭದ್ರರ ಶ್ರಾವಕಾಚಾರ ತಿಳಿಸುತ್ತದೆ. ಕೊನೆಯ ಮರಗಳು ಮನುಷ್ಯನಿಂದ ಮುಖ್ಯವಾಗಿ ಬಯಸುವುದು ಹಣವನ್ನಲ್ಲ, ಅವನ ದೂರವನ್ನು. ಶಿರ್ವದ ಮನೆಯವರು ಆ ಮರಕ್ಕೆ ಕೊಡಬೇಕಾದುದನ್ನು ಆಗಲೇ ಕೊಟ್ಟಿದ್ದಾರೆ.

ಖದಿರಸಾರನ ಕಾಗೆ

ಆದರೂ ಇಲ್ಲೊಂದು ಎಚ್ಚರ ಬೇಕು. ಎಟುಕದ ವಸ್ತುವನ್ನು ಬಿಟ್ಟೆನೆಂಬುದರಲ್ಲಿ ವ್ರತದ ಹೆಮ್ಮೆ ಪಡಲಾಗದು. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಖದಿರಸಾರನ ಕಥೆ ಈ ಸಂದರ್ಭಕ್ಕೆ ಹೊಂದುತ್ತದೆ. ಬೇಡನಾದ ಅವನು ಸಮಾಧಿಗುಪ್ತ ಮುನಿಗಳ ಬಳಿ, ತನ್ನಿಂದ ಮಾಂಸತ್ಯಾಗ ಸಾಧ್ಯವಿಲ್ಲವೆಂದನು. ಕಾಗೆಯ ಮಾಂಸವನ್ನು ಎಂದಾದರೂ ತಿಂದಿರುವೆಯೋ ಎಂದು ಮುನಿಗಳು ಕೇಳಿದರು. ತಿಂದಿಲ್ಲವೆಂದನು. ಹಾಗಾದರೆ ಅದನ್ನು ವ್ರತಪೂರ್ವಕವಾಗಿ ಬಿಡು ಎಂದರು. ಅವನಿಗೆ ಅದು ಬೇಕಾದ ವಸ್ತುವೇ ಅಲ್ಲ; ಸುಲಭವಾಗಿ ಒಪ್ಪಿದನು. ಕಾಲಾಂತರದಲ್ಲಿ ಅವನು ರೋಗಪೀಡಿತನಾದಾಗ ವೈದ್ಯರು ಹೇಳಿದ ಔಷಧ ಕಾಗೆಯ ಮಾಂಸವೇ. ಪ್ರಾಣ ಹೋದರೂ ವ್ರತ ಉಳಿಯಲಿ ಎಂದು ಅವನು ನಿರಾಕರಿಸಿದನು; ಕೊನೆಗೆ ಎಲ್ಲ ಅಣುವ್ರತಗಳನ್ನೂ ಸ್ವೀಕರಿಸಿ ದೇಹವನ್ನು ಬಿಟ್ಟು ಸೌಧರ್ಮಕಲ್ಪದಲ್ಲಿ ದೇವನಾದನು. ಆ ಜೀವವೇ ಮುಂದೆ ಶ್ರೇಣಿಕ ಮಹಾರಾಜ.

ಮುನಿಗಳು ಅಪೂರ್ವವಾದ ಯಾವುದೋ ಪಕ್ಷಿಯನ್ನು ಹೇಳಲಿಲ್ಲ. ಎಲ್ಲೆಡೆ ಇರುವ, ಯಾರಿಗೂ ಬೇಡವಾದ ಕಾಗೆಯನ್ನು ಹೇಳಿದರು. ವ್ರತದ ಮಹಿಮೆ ವಸ್ತುವಿನ ವಿರಳತೆಯಲ್ಲಿಲ್ಲ, ಹಿಡಿದವನ ದೃಢತೆಯಲ್ಲಿದೆ. ಸುಲಭವೆಂದು ಹಿಡಿದ ನಿಯಮ ಒಂದು ದಿನ ಕಠಿನವಾಗುತ್ತದೆ. ಆ ದಿನ ಮನೆಬಾಗಿಲಿಗೇ ಬರುತ್ತದೆ. ಕೆರೆಯನ್ನು ಗುತ್ತಿಗೆಗೆ ಕೊಡುವುದಿಲ್ಲವೆಂಬ ನಿಯಮ ಈ ವರ್ಷ ಸುಲಭವಿರಬಹುದು. ಮನೆಗೆ ಹಣದ ತಾಪತ್ರಯ ಬಂದ ವರ್ಷ, ಅಥವಾ ಕೆರೆಯನ್ನು ಮಣ್ಣು ತುಂಬಿಸಿ ನಿವೇಶನ ಮಾಡಿದರೆ ಒಳ್ಳೆಯ ಬೆಲೆ ಬರುತ್ತದೆಂದು ಯಾರೋ ಹೇಳಿದ ದಿನ, ಅದೇ ನಿಯಮ ಖದಿರಸಾರನ ಔಷಧದಂತೆ ಎದುರು ನಿಲ್ಲುತ್ತದೆ.

ಸಾಮಾನ್ಯವೆಂಬುದು ಶಾಶ್ವತವೇ?

“ನೀವು ಕಾಯದಿದ್ದರೂ ಅದು ಇದ್ದೇ ಇರುತ್ತದೆ” ಎಂಬ ಮಾತಿಗೂ ಉತ್ತರ ಬೇಕು. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದಿನಷ್ಟು ಸಾಮಾನ್ಯವಾದ ದೊಡ್ಡ ಹಕ್ಕಿ ಒಂದು ಕಾಲದಲ್ಲಿ ಮತ್ತೊಂದಿರಲಿಲ್ಲ. 1990ರ ದಶಕದಲ್ಲಿ ಅವು ಗುಂಪುಗುಂಪಾಗಿ ಸಾಯತೊಡಗಿದವು. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಅಳಿದವು. 2000ದ ವೇಳೆಗೆ ಆ ಹಕ್ಕಿ ಕೆಂಪು ಪಟ್ಟಿಯಲ್ಲಿ ಅತ್ಯಂತ ತೀವ್ರ ಅಪಾಯದ ಸ್ಥಾನಕ್ಕೆ ಬಂದಿತ್ತು. ದನಗಳ ನೋವು ಶಮನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ, ಸತ್ತ ದನದ ದೇಹದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿದ್ದೇ ಕಾರಣವೆಂದು 2004ರಲ್ಲಿ ತಿಳಿಯಿತು. 2006ರಲ್ಲಿ ಪಶುಗಳಿಗಾಗಿ ಅದರ ತಯಾರಿಕೆಯನ್ನು ಭಾರತ ಸರ್ಕಾರ ನಿಷೇಧಿಸಿತು. ಹದ್ದನ್ನು ಕೊಲ್ಲುವ ಸಂಕಲ್ಪ ಯಾರಿಗೂ ಇರಲಿಲ್ಲ; ದನದ ಮೇಲಿನ ಕರುಣೆಯೇ ಆ ಔಷಧವನ್ನು ಕೊಡಿಸಿತ್ತು. ಆದರೂ ಹಕ್ಕಿಯನ್ನು ಯಾರೂ ಲಕ್ಷಿಸದೆ ಇದ್ದುದರಿಂದ, ಅದು ಕಡಿಮೆಯಾಗುತ್ತಿರುವುದು ತಿಳಿಯುವಷ್ಟರಲ್ಲಿ ಹಲವು ವರ್ಷ ಕಳೆದಿತ್ತು. ಪ್ರಮಾದವೆಂಬ ಶಬ್ದವನ್ನು ಆಚಾರ್ಯರು ಹಿಂಸೆಯ ಲಕ್ಷಣದಲ್ಲೇ ಏಕೆ ಇಟ್ಟರೆಂಬುದನ್ನು ಇಂತಹ ಘಟನೆ ಸ್ಪಷ್ಟಪಡಿಸುತ್ತದೆ.

ಇಂದು ವಿರಳವಾಗಿರುವುದೆಲ್ಲ ಎಂದೋ ಒಂದು ದಿನ ಸಾಮಾನ್ಯವಾಗಿದ್ದುದೇ. ವಿರಳತೆಯನ್ನು ಮಾತ್ರ ಗೌರವಿಸುವ ಕರುಣೆ ಯಾವಾಗಲೂ ತಡವಾಗಿ ಬರುತ್ತದೆ. ಸಂಖ್ಯೆ ನೂರಾಗುವವರೆಗೆ ಅದು ಕಣ್ಣು ತೆರೆಯುವುದಿಲ್ಲ.

ಉಪಸಂಹಾರ

ಕಲ್ಪಿತ ಮನೆಯ ಹಿರಿಯರು ಮೊಮ್ಮಗಳಿಗೆ ಹೀಗೆ ಹೇಳಬಹುದು: “ಮಗೂ, ಆ ಮರದ ಮೇಲೆ ನಿನಗಿರುವ ಕಾಳಜಿ ಒಳ್ಳೆಯದು, ಅದನ್ನು ಬಿಡಬೇಡ. ನಿನ್ನ ಕೈಯ ಹಣವನ್ನು ಉಳಿಸಿ ಕಳುಹಿಸುವುದಾದರೆ ಕಳುಹಿಸು. ಆದರೆ ಕೆರೆಯ ಜೀವಗಳನ್ನು ಗುತ್ತಿಗೆಗೆ ಕೊಟ್ಟು ಬಂದ ಹಣದಿಂದ ಆ ಮರವನ್ನು ಕಾಯುವುದು ಬೇಡ. ಒಂದು ಜೀವವನ್ನು ಮಾರಿ ಇನ್ನೊಂದಕ್ಕೆ ದಾನ ಮಾಡಿದರೆ ಅದು ಅಭಯದಾ‌ನವಾಗುವುದಿಲ್ಲ.”

ಉತ್ತರ ಇಷ್ಟರಲ್ಲೇ ಇದೆ. ದೂರದ ವಿರಳ ವೃಕ್ಷದ ವಿಷಯದಲ್ಲಿ ಶ್ರಾವಕನ ಕರ್ತವ್ಯ ಬಹುಮಟ್ಟಿಗೆ ನಿವೃತ್ತಿರೂಪವಾದುದು: ಮರಮುಟ್ಟು, ಅಲಂಕಾರದ ವಸ್ತು, ವಿಹಾರ ಇವುಗಳ ಬಯಕೆಗೆ ಭೋಗೋಪಭೋಗ ಪರಿಮಾಣದ ಮಿತಿಯನ್ನು ಹಾಕಿಕೊಳ್ಳುವುದು. ಹತ್ತಿರದ ಸಾಮಾನ್ಯ ಪಕ್ಷಿಯ ವಿಷಯದಲ್ಲಿ ಅವನ ಕರ್ತವ್ಯ ನಿತ್ಯದ ಎಚ್ಚರಿಕೆ. ಮೊದಲನೆಯದು ಎರಡನೆಯದಕ್ಕೆ ಬದಲಾಗಲಾರದು.

ಈ ಚಾತುರ್ಮಾಸದಲ್ಲಿ ಉಪವಾಸದ ಶಕ್ತಿಯಿಲ್ಲದ ವೃದ್ಧರೂ ರೋಗಿಗಳೂ ಹಿಡಿಯಬಹುದಾದ ಕೆಲವು ನಿಯಮಗಳಿವೆ. ಮನೆಯ ಕೆರೆ, ಬಾವಿ, ತೋಡುಗಳಿಗೆ ವಿಷದ್ರವ್ಯವನ್ನು ಬಿಡದಿರುವುದು. ಹರಿದ ಬಲೆ, ಪ್ಲಾಸ್ಟಿಕ್ ದಾರಗಳನ್ನು ನೀರಿನ ಅಂಚಿನಲ್ಲಿ ಎಸೆಯದಿರುವುದು. ಗೂಡಿರುವ ಮರದ ಕೊಂಬೆಯನ್ನು ಮರಿಗಳು ಹಾರಿಹೋಗುವವರೆಗೆ ಕಡಿಸದಿರುವುದು. ಕಂದಮೂಲವನ್ನು ತ್ಯಜಿಸಿದ ಮನೆಗಳಲ್ಲಿ ಹೇಗೂ ಅಗೆಯದೆ ಉಳಿಯುವ ಕೆಸುವಿನ ಪೊದೆಯನ್ನು, ಚೊಕ್ಕಟದ ಹೆಸರಿನಲ್ಲಿ ಬುಡಸಹಿತ ಕೀಳಿಸದೆ ನೀರಹಕ್ಕಿಗಳಿಗೆ ಬಿಡುವುದು. ಇವುಗಳಲ್ಲಿ ಯಾವುದೂ ಹೊಗಳಿಕೆಯನ್ನು ತರುವುದಿಲ್ಲ. ಕೆರೆಯ ಬೊಡ್ಡೆಯ ಮೇಲೆ ನೀರುಕಾಗೆ ಎಂದಿನಂತೆ ರೆಕ್ಕೆ ಒಣಗಿಸುತ್ತಿರುತ್ತದೆ, ಅಷ್ಟೆ. ಅದಕ್ಕೆ ವ್ರತದ ಅರಿವಿಲ್ಲ. ಹಿಡಿದವರಿಗೆ ಇದ್ದರೆ ಸಾಕು.